ಬೂದಿ ಬಣ್ಣಕ್ಕೆ ತಿರುಗಿದ ಬಂಪರ್: ಎಸೆಯುವ ಮುನ್ನ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಒಂದು ದಿನದ ದುರಸ್ತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಾಡು, ನೀರು, ಜೇನು, ಗೋಮಾಳಗಳ ಕುರಿತು ಮಾತು ನಡೆಯುವ ಈ ಅಂಗಳದಲ್ಲಿ ಇಂದು ಹಳೆಯ ಕಾರಿನ ಬಂಪರ್ ಕುರಿತು ಮಾತನಾಡಬೇಕಾಗಿದೆ. ಕರೆಪತ್ರ ನೋಡಿದ ಹಿರಿಯರೊಬ್ಬರು "ಇದು ಪರಿಸರದವರ ಸಭೆಯೋ, ಗ್ಯಾರೇಜಿನವರ ಸಭೆಯೋ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಬೇಕಾದವರು ಯಾವುದಾದರೂ ಪೇಟೆಯ ಹೊರ ಅಂಚಿನ ಗ್ಯಾರೇಜುಗಳ ಹಿಂಬದಿಗೆ ಹೋಗಿ ನೋಡಬಹುದು. ಅಲ್ಲಿ ತಗ್ಗಿಗೆ ಉರುಳಿಸಿದ ಸಾಮಾನಿನಲ್ಲಿ ಕಬ್ಬಿಣದ ತುಂಡು ಸಿಗುವುದಿಲ್ಲ. ಅದನ್ನು ಗುಜರಿಯವರು ಕಿಲೋ ಲೆಕ್ಕದಲ್ಲಿ ಕೊಂಡೊಯ್ದಿರುತ್ತಾರೆ. ಬ್ಯಾಟರಿ ಇರುವುದಿಲ್ಲ, ತಾಮ್ರದ ತಂತಿ ಇರುವುದಿಲ್ಲ. ಉಳಿದಿರುವುದು ಮಾಸಿದ ಬಂಪರು, ಬಾಗಿಲಿನ ಪಕ್ಕದ ಕಪ್ಪು ಪಟ್ಟಿ, ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗು, ಚಕ್ರದ ಮೇಲಿನ ಪ್ಲಾಸ್ಟಿಕ್ ಕಮಾನು. ಯಾರಿಗೂ ಬೇಡವಾದ ಈ ವಸ್ತುಗಳು ಚಳಿಗಾಲದಲ್ಲಿ ಬೆಂಕಿಗೆ ಹೋಗುತ್ತವೆ, ಮಳೆಗಾಲದಲ್ಲಿ ಹಳ್ಳಕ್ಕೆ ಹೋಗುತ್ತವೆ. ಆ ಹಳ್ಳದ ನೀರೇ ಕೆಳಗಿನ ಊರಿನ ತೋಟಕ್ಕೆ ಹರಿಯುತ್ತದೆ.

ಅಂಥ ರಾಶಿಗಳನ್ನು ನಾನು ತಿರುವಿ ನೋಡಿದ್ದೇನೆ. ಅವುಗಳಲ್ಲಿ ಹಲವು ಬಂಪರುಗಳು ಒಡೆದೇ ಇರಲಿಲ್ಲ. ಬಣ್ಣ ಬೂದಿಯಾಗಿತ್ತು, ಮೂಲೆಯಲ್ಲಿ ಗೀರು ಬಿದ್ದಿತ್ತು, ಅಷ್ಟೆ. ಚರ್ಮ ಸುಕ್ಕಾಯಿತೆಂದು ಮನುಷ್ಯನನ್ನು ಹೊರಗೆ ಹಾಕಿದಂತಿತ್ತು ಆ ನೋಟ. ಬಂಪರಿನ ಈ ಮಾಸಲು ಕೇವಲ ತೊಗಲಿನದು, ಒಳಗಿನದಲ್ಲ. ಅದನ್ನು ನಾವೇ ನಮ್ಮ ಕೈಯಿಂದ ಸರಿಪಡಿಸಿಕೊಳ್ಳಬಹುದು. ಆದರೆ ಸರಿಪಡಿಸುವ ಕ್ರಮದಲ್ಲಿ ಎಚ್ಚರ ತಪ್ಪಿದರೆ ಎಸೆಯುವುದಕ್ಕಿಂತ ಹೆಚ್ಚಿನ ಕೇಡು ನೀರಿಗೂ ಶ್ವಾಸಕೋಶಕ್ಕೂ ಆಗಬಹುದು. ಇಷ್ಟನ್ನು ವಿವರವಾಗಿ ಹೇಳುವುದು ಇಂದಿನ ನನ್ನ ಕೆಲಸ.

ನಮ್ಮ ಕಡೆ ಹಳೆಯ ವಾಹನವೆಂದರೆ ಷೋಕಿಯ ವಸ್ತುವಲ್ಲವೆಂಬುದನ್ನು ಪಟ್ಟಣದ ಮಿತ್ರರಿಗಾಗಿ ಇಲ್ಲಿ ಹೇಳಬೇಕು. ಬಸ್ಸು ತಿರುವಿನಲ್ಲೇ ನಿಂತುಬಿಡುವ ಊರುಗಳಲ್ಲಿ ಬಸುರಿಯನ್ನು ರಾತ್ರಿ ಆಸ್ಪತ್ರೆಗೆ ಒಯ್ಯುವುದು ಯಾರದೋ ಮನೆಯ ಓಮ್ನಿ ಅಥವಾ ಜೀಪು. ಮಾರುತಿ 800 ಮಾರುಕಟ್ಟೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ಅದರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅದರ ಮರುವರ್ಷ, 1984ರಲ್ಲಿ, ಬಂದ ವ್ಯಾನು ಮುಂದೆ ಓಮ್ನಿಯೆಂಬ ಹೆಸರು ಪಡೆದು 2019ರವರೆಗೆ ತಯಾರಾಯಿತು. ಈಗ ಹೊಸದಾಗಿ ಬಾರದ ಈ ಗಾಡಿಗಳು ಘಟ್ಟದ ಊರುಗಳಲ್ಲಿ ಇನ್ನೂ ಓಡುತ್ತಿವೆ.

ಅದಕ್ಕೂ ಹಿಂದಿನ ಅಂಬಾಸಡರ್, ಪದ್ಮಿನಿ ಕಾರುಗಳ ಬಂಪರು ಉಕ್ಕಿನದು, ಮೇಲೆ ಕ್ರೋಮಿಯಮ್ಮಿನ ಲೇಪ. ಗುದ್ದಿದರೆ ತಗ್ಗು ಬೀಳುತ್ತಿತ್ತು, ಬಡಿದು ನೇರ ಮಾಡುತ್ತಿದ್ದರು. ಪ್ಲಾಸ್ಟಿಕ್ ಬಂಪರು ಬಂದದ್ದು ತೂಕ ಇಳಿಸಲು, ಅಗ್ಗವಾಗಿ ಅಚ್ಚು ಹೊಡೆಯಲು ಮತ್ತು ಸಣ್ಣ ತಾಗುವಿಕೆಗೆ ಬಾಗಿ ಮರಳಿ ನಿಲ್ಲುವ ಗುಣಕ್ಕಾಗಿ. ತೂಕ ಇಳಿದರೆ ಇಂಧನವೂ ಉಳಿಯುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಎಂದ ಕೂಡಲೇ ಮೂಗು ಮುರಿಯುವ ಅಗತ್ಯವಿಲ್ಲ. ನನ್ನ ತಕರಾರು ಏನಿದ್ದರೂ ಅದನ್ನು ದುರಸ್ತಿಗೆ ಒಗ್ಗದ ವಸ್ತುವೆಂದು ನಂಬಿಸಿದ್ದರ ಬಗ್ಗೆ.

ಸಾಮಾನ್ಯವಾಗಿ ಬಂಪರನ್ನು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ಸ್ವಲ್ಪ ರಬ್ಬರು, ಕೆಲವೊಮ್ಮೆ ಬಳಪದ ಕಲ್ಲಿನ ಪುಡಿ ಬೆರೆಸಿ ಮಾಡುತ್ತಾರೆ. ಬಂಪರನ್ನು ಕಳಚಿ ಹಿಂಬದಿ ನೋಡಿದರೆ ಅಚ್ಚಿನಲ್ಲೇ ಮೂಡಿದ ಅಕ್ಷರಗಳಿರುತ್ತವೆ. ಪಿಪಿ ಎಂದಿದ್ದರೆ ಪಾಲಿಪ್ರೊಪಿಲೀನ್, ಇಪಿಡಿಎಂ ಎಂದು ಕೂಡಿಸಿದ್ದರೆ ರಬ್ಬರು ಬೆರೆತದ್ದು, ಟಿ20 ಎಂದಿದ್ದರೆ ನೂರಕ್ಕೆ 20 ಪಾಲು ಆ ಕಲ್ಲಿನ ಪುಡಿ. ಎಬಿಎಸ್ ಎಂದಿದ್ದರೆ ಅದು ಬೇರೆಯೇ ಜಾತಿ. ಹೊರಗಿನಿಂದ ತಂದು ಕೂರಿಸಿದ ಅಗ್ಗದ ಬಂಪರುಗಳಲ್ಲಿ ಗಾಜಿನ ನಾರಿನವೂ ಇರುತ್ತವೆ. ಅವನ್ನು 'ಫೈಬರ್' ಎನ್ನುತ್ತಾರೆ. ಜಾತಿ ತಿಳಿಯದೆ ಔಷಧಿ ಮಾಡಬಾರದು. ತುಂಡನ್ನು ನೀರಿಗೆ ಹಾಕಿ ತೇಲಿದರೆ ಪಾಲಿಪ್ರೊಪಿಲೀನ್ ಎಂಬ ಪರೀಕ್ಷೆಯೊಂದಿದೆ. ಬರಿಯ ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಎಬಿಎಸ್ ಭಾರ ಎಂಬುದು ನಿಜವೇ. ಆದರೆ ಕಲ್ಲಿನ ಪುಡಿ ಹೆಚ್ಚಾದರೆ ಪಾಲಿಪ್ರೊಪಿಲೀನ್ ಕೂಡ ಮುಳುಗುತ್ತದೆ. ಆದ್ದರಿಂದ ಅಕ್ಷರವನ್ನೇ ಓದಿ. ಸುಟ್ಟು ವಾಸನೆ ನೋಡುವ ಪರೀಕ್ಷೆಯಂತೂ ಬೇಡವೇ ಬೇಡ.

ಇನ್ನು ಬಣ್ಣ ಮಾಸುವುದೇಕೆ? ಇದಕ್ಕೆ ಪ್ರಯೋಗಾಲಯ ಬೇಕಿಲ್ಲ, ತೋಟಕ್ಕೆ ಹೋದರೆ ಸಾಕು. ಬಿಳಿಯ ಗೊಬ್ಬರದ ಚೀಲವನ್ನು ಬಿಸಿಲಿಗೆ ಬಿಟ್ಟರೆ ಬೇಸಿಗೆ ಕಳೆಯುವುದರೊಳಗೆ ಅದು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ. ಅದೇ ಬಿಸಿಲಿನಲ್ಲಿ ಅಬ್ಬಿಯ ನೀರು ತರುವ ಕಪ್ಪು ಪೈಪು ವರ್ಷಗಟ್ಟಲೆ ಬಾಳುತ್ತದೆ. ಚೀಲವೂ ಪ್ಲಾಸ್ಟಿಕ್, ಪೈಪೂ ಪ್ಲಾಸ್ಟಿಕ್. ವ್ಯತ್ಯಾಸವಿರುವುದು ಪೈಪಿಗೆ ಬೆರೆಸಿದ ಮಸಿಯಲ್ಲಿ. ನೂರಕ್ಕೆ ಎರಡು ಪಾಲಿನಷ್ಟು ನಯವಾದ ಇಂಗಾಲದ ಮಸಿ, ಸೂರ್ಯನ ಅತಿನೇರಳೆ ಕಿರಣಗಳನ್ನು ತಾನೇ ಹೀರಿಕೊಂಡು ಪ್ಲಾಸ್ಟಿಕ್ಕಿನ ಉದ್ದನೆಯ ಸರಪಳಿಯಂಥ ಅಣುಗಳು ತುಂಡಾಗದಂತೆ ಕಾಯುತ್ತದೆ. ಕಾರಿನ ಬಂಪರು ಕಪ್ಪಾಗಿರುವುದು ಅಂದಕ್ಕಾಗಿ ಮಾತ್ರವಲ್ಲ.

ಆದರೆ ಮಸಿಯೂ ಮೇಲ್ಮೈಯನ್ನು ಪೂರ್ತಿ ಕಾಯಲಾರದು. ಬೆಳಕು ಮತ್ತು ಆಮ್ಲಜನಕ ಎರಡೂ ಸೇರಿ ಹೊರಗಿನ ಬಲು ತೆಳುವಾದ ಪದರವನ್ನು ಸವೆಸುತ್ತವೆ. ಸಮುದ್ರಮಟ್ಟದಿಂದ 1,000 ಮೀಟರ್ ಮೇಲೇರಿದರೆ ಅತಿನೇರಳೆ ಕಿರಣಗಳ ತೀವ್ರತೆ ನೂರಕ್ಕೆ 10ರಷ್ಟು ಹೆಚ್ಚುತ್ತದೆಂಬುದನ್ನೂ ಗುಡ್ಡದ ಮೇಲಿನವರು ಗಮನಿಸಬೇಕು. ಪ್ಲಾಸ್ಟಿಕ್ ಸವೆದಂತೆ ಒಳಗಿನ ಕಲ್ಲಿನ ಪುಡಿ ಹೊರಗೆ ಕಾಣುತ್ತದೆ, ಮೇಲ್ಮೈ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒರಟಾಗುತ್ತದೆ. ಒರಟಾದ ಮೇಲ್ಮೈ ಬೆಳಕನ್ನು ದಿಕ್ಕಾಪಾಲಾಗಿ ಚೆದುರಿಸುವುದರಿಂದ ಕಪ್ಪು ಬೂದಿಯಾಗಿ ತೋರುತ್ತದೆ. ಹೊಳೆಯ ಕಲ್ಲನ್ನು ನೆನಪು ಮಾಡಿಕೊಳ್ಳಿ: ನೀರಿನಲ್ಲಿದ್ದಾಗ ಕಡುಗಪ್ಪು, ದಡಕ್ಕೆ ತಂದು ಒಣಗಿಸಿದರೆ ಬೂದಿ. ಕಲ್ಲು ಬದಲಾಗಿಲ್ಲ, ಅದರ ಒರಟನ್ನು ತುಂಬಿದ್ದ ನೀರು ಹೋಗಿದೆ.

ಈ ಕಲ್ಲಿನ ದೃಷ್ಟಾಂತವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಾರುಕಟ್ಟೆಯ ಅರ್ಧ ಮಾಯೆ ಬಯಲಾಗುತ್ತದೆ. ಬಂಪರಿಗೆ ಏನನ್ನೇ ಸವರಿದರೂ, ಅದು ಒರಟನ್ನು ತುಂಬುವಷ್ಟು ಕಾಲ ಬಂಪರು ಕಪ್ಪಾಗಿ ಕಾಣುತ್ತದೆ. ತೆಂಗಿನೆಣ್ಣೆ ಸವರಿದರೂ ಹೊಳೆಯುತ್ತದೆ, ಡೀಸೆಲ್ ಸವರಿದರೂ ಹೊಳೆಯುತ್ತದೆ, ಬೂಟ್ ಪಾಲಿಶ್ ತಿಕ್ಕಿದರೂ ಹೊಳೆಯುತ್ತದೆ, ಅಂಗಡಿಯ ಸಿಲಿಕೋನ್ ಸ್ಪ್ರೇ ಹೊಡೆದರೂ ಹೊಳೆಯುತ್ತದೆ. ಹಳೆಯ ಗಾಡಿ ಮಾರುವವರು ಗಿರಾಕಿ ಬರುವ ದಿನ ಬೆಳಿಗ್ಗೆ ಮಾಡುವ ಕೆಲಸವೂ ಇದೇ. ಪ್ರಶ್ನೆಯೆಂದರೆ ಎಷ್ಟು ದಿನ, ಮತ್ತು ತೊಳೆದುಹೋದದ್ದು ಎಲ್ಲಿಗೆ ಸೇರಿತು ಎಂಬುದು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆಗಳಲ್ಲಿ ಸಿಲಿಕೋನಿನ ಆಯುಷ್ಯ ಎಷ್ಟೆಂದು ನೀವೇ ಊಹಿಸಿ.

ಇವುಗಳಲ್ಲಿ ಡೀಸೆಲ್ ಮತ್ತು ಸೀಮೆಎಣ್ಣೆ ಬರೀ ವ್ಯರ್ಥವಲ್ಲ, ಹಾನಿಕರ. ಬಾಗಿಲು, ಗಾಜುಗಳ ಸುತ್ತಲಿನ ರಬ್ಬರು ಸಾಮಾನ್ಯವಾಗಿ ಇಪಿಡಿಎಂ ಜಾತಿಯದು. ಬಿಸಿಲು, ಮಳೆಗಳನ್ನು ಚೆನ್ನಾಗಿ ತಡೆಯುವ ಈ ರಬ್ಬರು ಕಲ್ಲೆಣ್ಣೆಯನ್ನು ಮಾತ್ರ ತಡೆಯದು, ಊದಿಕೊಂಡು ಮೆತ್ತಗಾಗುತ್ತದೆ. ಬೀಡಿಂಗು ಊದಿ ಸಡಿಲಾದ ಗಾಡಿಯೊಳಗೆ ಮಳೆಗಾಲದಲ್ಲಿ ನೀರು ಸೋರುತ್ತದೆ, ತಳದ ತಗಡು ತುಕ್ಕು ಹಿಡಿಯುತ್ತದೆ. ಹೊಳಪಿಗಾಗಿ ಸವರಿದ ಎಣ್ಣೆ ಗಾಡಿಯ ಅಡಿಪಾಯವನ್ನೇ ತಿನ್ನುವ ಬಗೆ ಇದು.

ಕಳೆದ ಬಾರಿ ವಿದ್ಯಾರ್ಥಿನಿಯೊಬ್ಬಳು ಜಾಣ ಪ್ರಶ್ನೆಯೊಂದನ್ನು ಕೇಳಿದ್ದಳು: ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ತಾಗಿದರೆ ಜನ್ಮದಲ್ಲಿ ಹೋಗುವುದಿಲ್ಲ, ಅದನ್ನೇ ಬಂಪರಿಗೆ ಹಚ್ಚಬಾರದೇಕೆ? ಹತ್ತಿಯ ನೂಲಿಗೆ ನೀರನ್ನೂ ಬಣ್ಣವನ್ನೂ ಹಿಡಿದಿಡುವ ಗುಣವಿದೆ. ಪಾಲಿಪ್ರೊಪಿಲೀನಿಗೆ ಅದಿಲ್ಲ. ಈ ಪ್ಲಾಸ್ಟಿಕ್ಕಿನ ಹಗ್ಗಕ್ಕೆ ಕೂಡ ಕಾರ್ಖಾನೆಯಲ್ಲಿ ಕರಗಿಸುವಾಗಲೇ ಬಣ್ಣ ಬೆರೆಸಬೇಕಾಗುತ್ತದೆ, ನೂತ ಮೇಲೆ ಅದ್ದಿದರೆ ಹಿಡಿಯುವುದಿಲ್ಲ. ಕೆಸುವಿನೆಲೆಯ ಮೇಲಿನ ನೀರಿನಂತೆ ಚೊಗರು ಜಾರಿಹೋಗುತ್ತದೆ. ಸಾಮಾನ್ಯ ಪೇಂಟು ಬಂಪರಿನಿಂದ ಸಿಪ್ಪೆ ಸಿಪ್ಪೆಯಾಗಿ ಏಳುವುದಕ್ಕೂ ಇದೇ ಕಾರಣ.

ಈಗ ಕೆಲಸಕ್ಕೆ ಬರೋಣ. ಮೊದಲು ತೊಳೆಯುವುದು, ಇದರ ಬಗ್ಗೆ ನಾನು ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಏಕೆಂದರೆ ಇಡೀ ಕೆಲಸದಲ್ಲಿ ಊರಿಗೆ ಸಂಬಂಧಿಸಿದ ಭಾಗ ಇದು. ಗಾಡಿಯನ್ನು ಹಳ್ಳಕ್ಕಿಳಿಸಿ ತೊಳೆಯುವ ರೂಢಿ ನಮ್ಮಲ್ಲಿದೆ. ಭಾನುವಾರ ಸೇತುವೆಗಳ ಕೆಳಗೆ ನೋಡಿದರೆ ಜೀಪು, ಪಿಕಪ್ಪು, ಆಟೋಗಳ ಸಾಲು. ಮಾಸಿದ ಬಂಪರನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ಕಪ್ಪು ಪುಡಿ ಹತ್ತುತ್ತದಲ್ಲ, ಅದು ಧೂಳಲ್ಲ; ಸವೆದ ಪ್ಲಾಸ್ಟಿಕ್ ಮತ್ತು ಅದರೊಳಗಿನ ಮಸಿ. ಹಳ್ಳದಲ್ಲಿ ತಿಕ್ಕಿದರೆ ಅದು ನೇರವಾಗಿ ಮೀನಿನ ಬಾಯಿಗೆ, ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಬಂಪರನ್ನು ಕಳಚಿ, ಹಳ್ಳದಿಂದಲೂ ಬಾವಿಯಿಂದಲೂ ದೂರವಾದ ಅಂಗಳದಲ್ಲಿ, ಎರಡು ಬಕೆಟ್ ನೀರಿಟ್ಟುಕೊಂಡು ಬಟ್ಟೆಯಿಂದ ಒರೆಸಿ ಒರೆಸಿ ತೊಳೆಯಬೇಕು. ಒಂದು ಬಕೆಟ್ಟಿನಲ್ಲಿ ಸಾಬೂನು ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಕೆಲಸ ಮುಗಿದ ಮೇಲೆ ಎರಡನ್ನೂ ನಾಲ್ಕು ಮಡಿಕೆ ಮಾಡಿದ ಹಳೆಯ ಪಂಚೆಯಲ್ಲಿ ಸೋಸಿ, ನೀರನ್ನು ಇಂಗುಗುಂಡಿಗೆ ಬಿಟ್ಟು, ಪಂಚೆಯ ಮೇಲೆ ಉಳಿದ ಕೆಸರನ್ನು ಬಟ್ಟೆಯ ಸಮೇತ ಒಣಗಿಸಿ ಒಣಕಸಕ್ಕೆ ಸೇರಿಸಬೇಕು. ಸೋಸಿದರೂ ಅತಿ ಸಣ್ಣ ಕಣಗಳು ದಾಟಿಹೋಗುತ್ತವೆ. ಆದರೂ ಹಳ್ಳದಲ್ಲಿ ತಿಕ್ಕುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಸಾಬೂನಿನ ಬದಲು ಅಂಟುವಾಳದ ಕಾಯಿ ಬಳಸಿದರೆ ಹಳ್ಳಕ್ಕೆ ಬಿಡಬಹುದಲ್ಲವೇ ಎಂದು ನಮ್ಮ ಬಳಗದವರೇ ಕೇಳುತ್ತಾರೆ. ಅಂಟುವಾಳದ ನೊರೆ ಬಂಪರಿಗೆ ಒಳ್ಳೆಯದೇ, ಮೃದುವಾಗಿ ತೊಳೆಯುತ್ತದೆ. ಆದರೆ ಆ ನೊರೆಗೆ ಕಾರಣವಾದ ಸಪೋನಿನ್ ಮೀನಿಗೆ ವಿಷ. ಹಿಂದಿನವರು ಮೀನು ಹಿಡಿಯಲು ಕಾರೆಕಾಯಿ ಜಜ್ಜಿ ಮಡುವಿಗೆ ಹಾಕುತ್ತಿದ್ದದ್ದು ಇದೇ ಗುಣಕ್ಕಾಗಿ. ಗಿಡದಲ್ಲಿ ಬಿಟ್ಟದ್ದೆಲ್ಲ ನೀರಿಗೆ ನಿರಪಾಯವೆಂಬ ಭಾವನೆ ನಮ್ಮಲ್ಲಿ ಸ್ವಲ್ಪ ಹೆಚ್ಚಾಗಿಯೇ ಬೇರೂರಿದೆ.

ಅಡಿಕೆ ತೋಟದವರ ಪಿಕಪ್ಪುಗಳ ಮೇಲೆ ನೀಲಿ ಮಿಶ್ರಿತ ಬಿಳಿ ಚುಕ್ಕೆಗಳಿರುತ್ತವೆ. ಅದು ಬೋರ್ಡೊ ದ್ರಾವಣದ್ದು, ಮೈಲುತುತ್ತ ಮತ್ತು ಸುಣ್ಣ. ಸುಣ್ಣಕ್ಕೆ ಹುಳಿಯೇ ಮದ್ದು. ನಿಂಬೆರಸ ಅಥವಾ ವಿನೆಗರನ್ನು ನೀರಿಗೆ ಬೆರೆಸಿ ಬಟ್ಟೆಯಿಂದ ಐದು ನಿಮಿಷ ಒತ್ತಿಟ್ಟು ಒರೆಸಿದರೆ ಕರಗಿ ಬರುತ್ತದೆ. ತೆಂಗಿನ ನಾರು, ಪಾತ್ರೆ ತಿಕ್ಕುವ ಕಬ್ಬಿಣದ ಜುಂಗು ಇವನ್ನು ಹತ್ತಿರ ತರಬಾರದು. ಪಾಚಿ ಹಿಡಿದ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ನಂತರ ನೆರಳಿನಲ್ಲಿ ಪೂರ್ತಿ ಒಣಗಲು ಬಿಡಬೇಕು. ಬೆಳಿಗ್ಗೆ ವಿದ್ಯಾರ್ಥಿಗಳು ತೊಳೆದಿಟ್ಟ ಬಂಪರು ಹೊರಗೆ ಚಪ್ಪರದಡಿ ಇದೆ. ಅದನ್ನು ಈಗಲೇ ಮುಟ್ಟಬೇಡಿ.

ಒಣಗಿದ ಮೇಲೆ ಎರಡು ದಾರಿಗಳಿವೆ. ಮೊದಲನೆಯದು ಬಿಸಿ. ಹೀಟ್ ಗನ್ನಿನಿಂದ ಬಿಸಿಗಾಳಿ ಹಾಯಿಸಿದರೆ ಬೂದಿ ಬಣ್ಣ ಕಣ್ಣೆದುರೇ ಕಪ್ಪಾಗುತ್ತದೆ. ಒಳಗಿನ ಎಣ್ಣೆ ಹೊರಗೆ ಬರುತ್ತದೆಂದು ಹಲವರು ಹೇಳುತ್ತಾರೆ. ವಾಸ್ತವದಲ್ಲಿ ಒರಟಾದ ತೆಳು ಪದರ ಕರಗಿ ಸಮನಾಗುತ್ತದೆ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಯಲ್ಲಿ. ಗನ್ನಿನ ಮೂತಿಯಲ್ಲಿ 500 ಡಿಗ್ರಿಯವರೆಗೂ ಶಾಖವಿರಬಹುದು. ಆದ್ದರಿಂದ ಒಂದು ಗೇಣಿನಷ್ಟು ದೂರದಿಂದ ಆರಂಭಿಸಿ, ಕೈಯನ್ನು ಕ್ಷಣವೂ ನಿಲ್ಲಿಸದೆ ಆಡಿಸುತ್ತ, ಬಣ್ಣ ತಿರುಗಿದ ಕೂಡಲೇ ಮುಂದಕ್ಕೆ ಸಾಗಬೇಕು. ಬಂಪರನ್ನು ಗಾಡಿಯಿಂದ ಕಳಚಿಯೇ ಮಾಡಬೇಕು, ಬಯಲಿನಲ್ಲೇ ಮಾಡಬೇಕು. ಹೊಗೆ ಕಾಣಿಸಿಕೊಂಡರೆ ಪ್ಲಾಸ್ಟಿಕ್ ಸುಡುತ್ತಿದೆ ಎಂದರ್ಥ. ಈ ಉಪಾಯವನ್ನು ಒಂದೆರಡು ಬಾರಿಗಿಂತ ಹೆಚ್ಚು ಬಳಸುವಂತಿಲ್ಲ. ಪ್ರತಿ ಸಲ ಕಾಯಿಸಿದಾಗಲೂ ಪ್ಲಾಸ್ಟಿಕ್ಕಿನೊಳಗಿನ ರಕ್ಷಕ ದ್ರವ್ಯ ಸ್ವಲ್ಪ ಸ್ವಲ್ಪ ವ್ಯಯವಾಗುತ್ತದೆ.

ಎರಡನೆಯದು ಅಗಸೆ ಎಣ್ಣೆ. ನನ್ನ ಒಲವು ಇದರ ಕಡೆಗೆ. ತೆಂಗಿನೆಣ್ಣೆ ಎಷ್ಟು ದಿನ ಬಿಟ್ಟರೂ ಎಣ್ಣೆಯಾಗಿಯೇ ಇರುತ್ತದೆ, ಧೂಳು ಹಿಡಿಯುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ಹೊಂಗೆ ಎಣ್ಣೆಯದೂ ಬಹುಪಾಲು ಅದೇ ಕಥೆ. ಅಗಸೆ ಎಣ್ಣೆ ಮಾತ್ರ ಗಾಳಿಯ ಆಮ್ಲಜನಕವನ್ನು ಹೀರಿ ತೆಳುವಾದ ಗಟ್ಟಿ ಪೊರೆಯಾಗುತ್ತದೆ. ಬಡಗಿಗಳು ಮರಕ್ಕೆ ಹಚ್ಚುತ್ತಿದ್ದದ್ದು ಇದಕ್ಕಾಗಿಯೇ. ಪೇಂಟ್ ಅಂಗಡಿಯಲ್ಲಿ 'ಡಬಲ್ ಬಾಯಿಲ್ಡ್ ಲಿನ್ಸೀಡ್ ಆಯಿಲ್' ಎಂದು ಕೇಳಿದರೆ ಕೊಡುತ್ತಾರೆ. ಇದು ಬೇಗ ಒಣಗುತ್ತದೆ. ಹತ್ತಿ ಬಟ್ಟೆಯಿಂದ ಬಲು ತೆಳುವಾಗಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಉಳಿದದ್ದನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಧಾರಾಳವಾಗಿ ಸವರಿದರೆ ಅಂಟಂಟಾಗಿ ಕೆಡುತ್ತದೆ. ಎರಡು ದಿನ ಧೂಳಿಲ್ಲದ ಕಡೆ ಬಿಡಬೇಕು. ಇದು ಮಳೆಗಾಲಕ್ಕೆ ಒಗ್ಗುವ ಕೆಲಸವಲ್ಲ, ತೇವದಲ್ಲಿ ಈ ಎಣ್ಣೆಗೆ ಬೂಷ್ಟು ಹಿಡಿಯುತ್ತದೆ. ದೀಪಾವಳಿ ಕಳೆದ ಮೇಲಿನ ಒಣ ಹವೆ ಸೂಕ್ತ. ಕಾಲಕ್ರಮದಲ್ಲಿ ಹಳದಿಗೆ ತಿರುಗುವುದರಿಂದ ಕಪ್ಪು ಭಾಗಗಳಿಗೆ ಮಾತ್ರ. ಕಾಯಿಸುವ ಉದ್ದೇಶವಿದ್ದರೆ ಮೊದಲು ಕಾಯಿಸಿ, ಆರಿದ ಮೇಲೆ ಎಣ್ಣೆ. ಎಣ್ಣೆ ಹಚ್ಚಿದ್ದಕ್ಕೆ ಎಂದೂ ಬೆಂಕಿಯನ್ನಾಗಲಿ ಬಿಸಿಗಾಳಿಯನ್ನಾಗಲಿ ತೋರಿಸಬಾರದು.

ಒಂದು ಅಪಾಯವನ್ನು ಒತ್ತಿ ಹೇಳುತ್ತೇನೆ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಎಣ್ಣೆಯ ಬಟ್ಟೆಗಳನ್ನು ಉಂಡೆಮಾಡಿ ಮೂಲೆಗೆಸೆದರೆ ಆ ಶಾಖ ಹೊರಹೋಗಲಾರದೆ, ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಒಣ ಸೋಗೆ, ದರಕು ತುಂಬಿದ ನಮ್ಮ ಕೊಟ್ಟಿಗೆಗಳಲ್ಲಿ ಇದು ಹಾಸ್ಯದ ಮಾತಲ್ಲ. ಬಟ್ಟೆಯನ್ನು ಬಯಲಿನ ಕಲ್ಲಿನ ಮೇಲೆ ಒಂದೊಂದಾಗಿ ಬಿಡಿಸಿ ಹರಡಿ, ರಟ್ಟಿನಂತೆ ಗಟ್ಟಿಯಾಗುವವರೆಗೆ ಒಣಗಿಸಬೇಕು; ಅಷ್ಟರವರೆಗೆ ಬೇಕಾದರೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಗೀರುಗಳ ವಿಷಯಕ್ಕೆ ಬಂದರೆ, ಎಲ್ಲ ಗೀರೂ ಗೀರಲ್ಲ. ಕಪ್ಪು ಬಂಪರಿನ ಮೇಲೆ ಕಾಣುವ ಬಿಳಿ ಗೆರೆ ಎಷ್ಟೋ ಸಲ ಎದುರು ಗಾಡಿಯ ಬಣ್ಣ ಅಥವಾ ಗೋಡೆಯ ಸುಣ್ಣ ಹತ್ತಿದ್ದಾಗಿರುತ್ತದೆ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಬರೀ ಹತ್ತಿದ ಬಣ್ಣ. ಒದ್ದೆ ಬಟ್ಟೆ, ಸ್ವಲ್ಪ ಹಲ್ಲುಪುಡಿ ಸಾಕು. ಉಗುರು ಸಿಕ್ಕಿಕೊಂಡರೆ ನಿಜವಾದ ಗೀರು. ಆಗ ಮೊದಲು ಗೀರಿನ ಅಂಚಿನಲ್ಲಿ ಎದ್ದ ಎಳೆಗಳನ್ನು ಬ್ಲೇಡನ್ನು ನೆಟ್ಟಗೆ ಹಿಡಿದು ಹೆರೆದು ತೆಗೆಯಬೇಕು. ನಯವಾದ ಬಂಪರಾದರೆ 400, ನಂತರ 800ರ ವಾಟರ್ ಪೇಪರಿನಿಂದ ನೀರು ಹಾಕಿ ಕೈಯಲ್ಲೇ ನಿಧಾನವಾಗಿ ಉಜ್ಜಬೇಕು. ಯಂತ್ರದಿಂದ ಉಜ್ಜಿದರೆ ಪಾಲಿಪ್ರೊಪಿಲೀನ್ ಬಿಸಿಯಾಗಿ ಕೂದಲಿನಂತೆ ಎಳೆಎಳೆ ಏಳುತ್ತದೆ. ಒಣಗಿದ್ದಾಗ ಉಜ್ಜುವುದು ಬೇಡ, ಆ ದೂಳು ಮೂಗಿಗೆ. ಫೈಬರಿನ ದೂಳಂತೂ ಗಾಜಿನ ಪುಡಿಯೇ. ಚರ್ಮದಂತೆ ಹರಳು ಹರಳಾದ ಮೇಲ್ಮೈಯಿದ್ದರೆ ಉಜ್ಜಲೇಬಾರದು, ಒಮ್ಮೆ ಅಳಿಸಿದ ಹರಳು ಮತ್ತೆ ಬಾರದು. ಅಲ್ಲಿ ಎಳೆ ಹೆರೆದು, ಸ್ವಲ್ಪ ಬಿಸಿ ತೋರಿಸಿ, ಎಣ್ಣೆ ಹಚ್ಚಿ ಬಿಡುವುದು. ಗೀರು ಇದ್ದದ್ದು ಗೊತ್ತಾಗುತ್ತದೆ. ಗೊತ್ತಾಗಲಿ.

ಒಳಕ್ಕೆ ಕುಸಿದ ತಗ್ಗಿಗೆ ಹಂಡೆಯ ಕುದಿನೀರೇ ಸಾಕು. ಹಿಂದುಮುಂದು ನಿಧಾನವಾಗಿ ಕುದಿನೀರು ಹೊಯ್ದು, ಪ್ಲಾಸ್ಟಿಕ್ ಮೆತ್ತಗಾದಾಗ ದಪ್ಪ ಕೈಗವಸು ಹಾಕಿಕೊಂಡು ಒಳಗಿನಿಂದ ಒತ್ತಿದರೆ ಹೊರಕ್ಕೆ ಬರುತ್ತದೆ. ಕೂಡಲೇ ತಣ್ಣೀರು ಹೊಯ್ದು ನಿಲ್ಲಿಸಬೇಕು. ಸಾವಿರ ಮೀಟರ್ ಎತ್ತರದ ಊರುಗಳಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುವುದರಿಂದ ಒಂದೆರಡು ಚೊಂಬು ಹೆಚ್ಚು ಬೇಕಾದೀತು. ಸೀಳಿದ ಕಡೆ ಎಪಾಕ್ಸಿ ಅಂಟು ಪಾಲಿಪ್ರೊಪಿಲೀನನ್ನು ಹಿಡಿಯುವುದಿಲ್ಲ. ಅದೇ ಜಾತಿಯ ಹಳೆಯ ಬಂಪರಿನ ಒಂದು ಎಳೆಯನ್ನು ಕೊಯ್ದು, ಸೋಲ್ಡರಿಂಗ್ ಐರನ್ನಿನಿಂದ ಎರಡನ್ನೂ ಕರಗಿಸಿ ಹಿಂಬದಿಯಿಂದ ಬೆಸೆಯಬೇಕು. ನಡುವೆ ತುಕ್ಕು ಹಿಡಿಯದ ಉಕ್ಕಿನ ಸಣ್ಣ ಜಾಲರಿ ಕೂರಿಸಿದರೆ ಇನ್ನೂ ಗಟ್ಟಿ. ಎಸೆದ ಬಂಪರು ಹೀಗೆ ಇನ್ನೊಂದರ ಮದ್ದಾಗುತ್ತದೆ. ಆದರೆ ಬಂಪರನ್ನು ಗಾಡಿಗೆ ಕಟ್ಟುವ ಕಿವಿಗಳೇ ಮುರಿದಿದ್ದರೆ, ಅಥವಾ ಹಿಂದಿನ ಉಕ್ಕಿನ ತೊಲೆ ಬಾಗಿದ್ದರೆ, ಅದು ಅಂದದ ವಿಷಯವಲ್ಲ. ಇಳಿಜಾರಿನ ರಸ್ತೆಯಲ್ಲಿ ಕಳಚಿ ಚಕ್ರಕ್ಕೆ ಸಿಕ್ಕಬಹುದಾದ ಬಂಪರನ್ನು ತಂತಿ ಕಟ್ಟಿ ಓಡಿಸುವುದಕ್ಕಿಂತ ಬದಲಾಯಿಸುವುದು ಮೇಲು.

ಗಾಡಿಯ ಬಣ್ಣವನ್ನೇ ಬಳಿದ ಬಂಪರುಗಳಿಗೆ ಪ್ಲಾಸ್ಟಿಕ್ ಪ್ರೈಮರು ಮೊದಲು, ಬಣ್ಣ ನಂತರ. ಇಲ್ಲಿ ಐಟಿಐಗೆ ಹೋಗುವ, ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರು ಕಿವಿಗೊಟ್ಟು ಕೇಳಬೇಕು. ಹಾರ್ಡನರ್ ಬೆರೆಸಿ ಹೊಡೆಯುವ ಪೇಂಟಿನಲ್ಲಿ, ಅಂದರೆ ನೀವು 'ಟು ಕೆ' ಅಥವಾ 'ಪಿಯು' ಎನ್ನುವುದರಲ್ಲಿ, ಐಸೊಸಯನೇಟ್ ಎಂಬ ದ್ರವ್ಯವಿರುತ್ತದೆ. 1984ರಲ್ಲಿ ಭೋಪಾಲದಲ್ಲಿ ಸೋರಿದ ಅನಿಲ ಇದೇ ಕುಟುಂಬದ ಇನ್ನೊಂದು ಸದಸ್ಯ. ಪೇಂಟಿನಲ್ಲಿರುವುದು ಅಷ್ಟು ಸುಲಭವಾಗಿ ಆವಿಯಾಗುವುದಲ್ಲ, ನಿಜ. ಆದರೆ ಸ್ಪ್ರೇ ಮಾಡಿದಾಗ ಹನಿಯಾಗಿ ಉಸಿರಿನೊಳಗೆ ಹೋಗುತ್ತದೆ. ಒಮ್ಮೆ ದೇಹ ಅದಕ್ಕೆ ಒಗ್ಗದ ಸ್ಥಿತಿಗೆ ಬಂದರೆ ಆಮೇಲೆ ಸ್ವಲ್ಪ ಸೋಂಕಿದರೂ ಉಬ್ಬಸ ಕೆರಳುತ್ತದೆ, ಆ ಕಸುಬನ್ನೇ ಬಿಡಬೇಕಾಗುತ್ತದೆ. ಮುಖಕ್ಕೆ ಕಟ್ಟಿದ ಕರವಸ್ತ್ರವಾಗಲಿ ಕೊರೋನಾ ಕಾಲದ ಬಟ್ಟೆಯ ಮಾಸ್ಕಾಗಲಿ ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಪೂರೈಸುವ ಮುಖವಾಡ ಬೇಕು. ಅದಿಲ್ಲದ ಗ್ಯಾರೇಜಿನಲ್ಲಿ ಹದಿನೇಳರ ಹುಡುಗನ ಕೈಗೆ ಸ್ಪ್ರೇ ಗನ್ ಕೊಡುವ ಮಾಲೀಕನಿಗೆ ಬೇಡವೆಂದು ಹೇಳುವ ಧೈರ್ಯ ತಂದೆತಾಯಿಗಳಿಗೆ ಇರಬೇಕು. ಬಂಪರು ಎರಡು ಬಣ್ಣದಲ್ಲಿದ್ದರೆ ಪ್ರಪಂಚ ಮುಳುಗುವುದಿಲ್ಲ.

ಅಂಬಾಸಡರಿನ ಕ್ರೋಮ್ ಬಂಪರು ಇನ್ನೂ ಇರುವವರಿಗೆ ಎರಡು ಮಾತು. ಲೇಪದ ಸಣ್ಣ ರಂಧ್ರಗಳಿಂದ ಮೂಡುವ ತುಕ್ಕಿನ ಚುಕ್ಕೆಗಳನ್ನು ಅಲ್ಯೂಮಿನಿಯಮ್ ಹಾಳೆಯ ಉಂಡೆಯನ್ನು ನೀರಲ್ಲದ್ದಿ ಉಜ್ಜಿ ತೆಗೆಯಬಹುದು. ಅಲ್ಯೂಮಿನಿಯಮ್ ಕ್ರೋಮಿಗಿಂತ ಮೆತ್ತಗಾದ್ದರಿಂದ ಗೀರು ಬೀಳದು. ಒಣಗಿಸಿ ಮೇಣ ಹಚ್ಚಿಡಿ. ಮತ್ತೆ ಕ್ರೋಮ್ ಹಾಕಿಸುವ ಯೋಚನೆ ಬೇಡ. ಆ ಕೆಲಸದ ಸಾಂಪ್ರದಾಯಿಕ ತೊಟ್ಟಿಗಳಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಮ್ ಕ್ಯಾನ್ಸರ್ ತರುವಂಥದ್ದು, ತೊಟ್ಟಿಯ ನೀರು ಕೊನೆಗೆ ಯಾವುದೋ ಕಾಲುವೆಗೆ ಸೇರುವ ಭಯವಿದೆ.

ಗೀರು ಮುಚ್ಚಲು ಮುಂದೆ ಕಬ್ಬಿಣದ ಕೊಳವೆಯ ಗಾರ್ಡು ಹಾಕಿಸುವವರೂ ಇದ್ದಾರೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು. ಬಂಪರು ಬಾಗಿ ತಾಳಿಕೊಳ್ಳಬೇಕಾದ ಪೆಟ್ಟನ್ನು ಕಬ್ಬಿಣ ನೇರವಾಗಿ ಗಾಡಿಯ ಚೌಕಟ್ಟಿಗೂ, ಎದುರಿಗೆ ನಡೆದು ಬರುವವನ ಮೈಗೂ ದಾಟಿಸುತ್ತದೆ.

ಹಳೆಯ ಗಾಡಿಗಳನ್ನೆಲ್ಲ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹೊಗೆ ಕಾರುವ ಎಂಜಿನ್ನಿಗೆ ಹೊಳೆಯುವ ಬಂಪರು ಪರಿಹಾರವಲ್ಲ. ತಳದ ತಗಡು ತುಕ್ಕಿನಿಂದ ಜರಡಿಯಾಗಿದ್ದರೆ ಹಣವನ್ನು ಮೊದಲು ಅಲ್ಲಿಗೆ ಹಾಕಬೇಕು, ಅಥವಾ ಗಾಡಿಯನ್ನು ಬಿಡಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000 ಆಯಿತು. ಇದನ್ನೆಲ್ಲ ಲೆಕ್ಕ ಹಾಕಿಯೇ ತೀರ್ಮಾನಿಸಬೇಕು.

ಆದರೆ ಬಿಡುವುದೆಂದು ತೀರ್ಮಾನಿಸಿದಾಗಲೂ ಪ್ಲಾಸ್ಟಿಕ್ಕಿನ ಪ್ರಶ್ನೆ ಉಳಿಯುತ್ತದೆ. ಆಯುಷ್ಯ ಮುಗಿದ ವಾಹನಗಳ ಕುರಿತ ಕೇಂದ್ರದ ನಿಯಮಗಳು 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ತಾವು ತಯಾರಿಸಿದ ವಾಹನಗಳ ಕೊನೆಯ ಹೊಣೆಯನ್ನು ಕಂಪನಿಗಳೇ ಹೊರಬೇಕೆಂಬ ತತ್ವ ಅದರಲ್ಲಿದೆ, ಸ್ವಾಗತಾರ್ಹ. ಆದರೆ ಆ ಹೊಣೆಯ ಗುರಿಯನ್ನು ಅಳೆಯುವುದು ಉಕ್ಕಿನ ಲೆಕ್ಕದಲ್ಲಿ. ಗುಜರಿಯವನು ಈಗಾಗಲೇ ಬಿಡದೆ ಒಯ್ಯುವ ಉಕ್ಕಿಗೆ ಗುರಿಯಿದೆ. ಹಳ್ಳದಲ್ಲಿ ಬಿದ್ದಿರುವ ಬಂಪರಿಗೆ ಅಂಥ ಗುರಿಯಿಲ್ಲ. ನಮ್ಮ ಬಳಗ ಸರ್ಕಾರಕ್ಕೆ ಬರೆಯಬೇಕಾದ ಪತ್ರವಿದ್ದರೆ ಅದು ಈ ಬಗ್ಗೆ.

ಅಲ್ಲಿಯವರೆಗೆ, ಇಂದಿನ ಕೆಲಸದ ಕಸವನ್ನು ಹೀಗೆ ವಿಂಗಡಿಸೋಣ. ಪಿಪಿ ಗುರುತಿನ ಒಡೆದ ಬಂಪರುಗಳಿಂದ ಬೆಸುಗೆಗೆ ಬೇಕಾದ ಎಳೆ ಕೊಯ್ದುಕೊಂಡು, ಉಳಿದದ್ದನ್ನು ತುಂಡರಿಸಿ ಬೇರೆ ಚೀಲದಲ್ಲಿ ಕಟ್ಟಿ ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣಕ್ಕೆ ಕೊಡಬೇಕು. ಜಾತಿ ಬೆರೆತರೆ ಕೊಳ್ಳುವವರಿಲ್ಲ. ಹಳೆಯ ಬಾಗಿಲ ಪಟ್ಟಿಗಳಲ್ಲಿ ಪಿವಿಸಿ ಇರುವುದುಂಟು; ಅದನ್ನು ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯೂ ಡಯಾಕ್ಸಿನ್ನೂ ಹುಟ್ಟುತ್ತವೆ, ಆದ್ದರಿಂದ ಚಳಿ ಕಾಯಿಸುವ ಬೆಂಕಿಗೆ ಒಂದು ಚೂರೂ ಬೀಳಬಾರದು. ಸೋಸಿದ ಪಂಚೆಗಳು ತಂತಿಯ ಮೇಲಿವೆ. ಎಣ್ಣೆಯ ಬಟ್ಟೆ ಹರಡಲು ಬಾವಿಯಿಂದಾಚೆಯ ಕಲ್ಲುಬಂಡೆಯನ್ನು ಗುರುತಿಸಿದ್ದೇವೆ. ಮೂರು ತಂಡಗಳಾಗಿ ಬನ್ನಿ. ಹೀಟ್ ಗನ್ ಒಂದೇ ಇರುವುದರಿಂದ ಸರದಿಯಲ್ಲಿ ಹಿಡಿಯಬೇಕಾಗುತ್ತದೆ, ಮೊದಲು ಹಿರಿಯ ತರಗತಿಯವರು.